ಗ್ಯಾರಂಟಿಯ ಗಡಿಯಾರವೂ ತಾರೀಖಿಲ್ಲದ ಚೀಟಿಯೂ

ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಮೇಜಿನ ಖಾನೆಯೊಂದು ಇರುತ್ತದೆ. ಹಳೆಯ ರಸೀದಿಗಳು, ಕಾಲು ಮುರಿದ ಕನ್ನಡಕ, ನಿಂತುಹೋದ ಕೈಗಡಿಯಾರ, ಆ ಗಡಿಯಾರದ ಗ್ಯಾರಂಟಿ ಕಾರ್ಡು, ಇವೆಲ್ಲ ಅದರೊಳಗೆ ಒಟ್ಟಿಗೆ ಸಂಸಾರ ಹೂಡಿಕೊಂಡಿರುತ್ತವೆ. ಈ ಲೇಖನ ಹುಟ್ಟಿದ್ದು ನಮ್ಮ ಮನೆಯ ಅಂತಹ ಖಾನೆಯಲ್ಲಿ ಸಿಕ್ಕಿದ ಒಂದು ಚೀಟಿಯಿಂದ.

ತಂದೆಯವರಿಗೆ ಅರವತ್ತು ತುಂಬಿದಾಗ ಅವರಿಗೊಂದು ಕೈಗಡಿಯಾರವನ್ನು ಕೊಡಿಸಿದ್ದೆ. ಹೊರದೇಶದ ಮಾಲು, ಕೈಯಲ್ಲಿ ಕಟ್ಟಿಕೊಂಡು ಓಡಾಡಿದರೆ ತಾನಾಗಿ ಚಾವಿ ಹತ್ತುವ ಜಾತಿಯದು. ಎರಡು ವರ್ಷದ ಗ್ಯಾರಂಟಿ ಇತ್ತು. ನಾಲ್ಕನೆಯ ತಿಂಗಳಿಗೆ ಅದು ನಿಂತಿತು. ಅವರು ಹಾವೇರಿಯಿಂದ ಮುಂಬಯಿಗೆ ನಮ್ಮ ಮನೆಗೆ ಬಂದಿದ್ದಾಗ ಇಬ್ಬರೂ ಕೂಡಿ ಅದನ್ನು ಕಂಪನಿಯ ಅಧಿಕೃತ ದುರಸ್ತಿ ಕೇಂದ್ರಕ್ಕೆ ಒಯ್ದೆವು. ಅಲ್ಲಿ ಕೊಟ್ಟ ಚೀಟಿಯಲ್ಲಿ ಗಡಿಯಾರದ ನಂಬರು, ನನ್ನ ಹೆಸರು, ಫೋನು, ಗಾಜಿನ ಮೇಲಿದ್ದ ಸಣ್ಣ ಗೀರು ಎಲ್ಲವೂ ದಾಖಲಾಗಿದ್ದುವು. ಹಿಂದಿರುಗಿಸುವ ದಿನಾಂಕದ ಎದುರಿಗೆ ಮಾತ್ರ ಒಂದು ಅಡ್ಡಗೆರೆ ಇತ್ತು. ‘ಎರಡು ಮೂರು ವಾರ ಹಿಡಿಯಬಹುದು’ ಎಂದು ಬಾಯಿಮಾತಿನಲ್ಲಿ ಹೇಳಿದರು. ಹಿಡಿದದ್ದು ಹನ್ನೊಂದು ವಾರ. ಅಷ್ಟರಲ್ಲಿ ತಂದೆಯವರು ಊರಿಗೆ ಹಿಂದಿರುಗಿ, ತಮ್ಮ ಮದುವೆಯ ಕಾಲದ ಎಚ್.ಎಂ.ಟಿ. ಜನತಾ ಗಡಿಯಾರಕ್ಕೆ ಚಾವಿ ಕೊಟ್ಟು ಅದನ್ನೇ ಕಟ್ಟಿಕೊಂಡು ತಿರುಗುತ್ತಿದ್ದರು. ನಾನು ಫೋನಿನಲ್ಲಿ ದುರಸ್ತಿಯವರ ಮೇಲೆ ಕೂಗಾಡಿದ್ದನ್ನು ಕೇಳಿ ಅವರು ಅಂದರು: “ತಮ್ಮಾ, ಅವರನ್ನ ಬೈದು ಏನು ಬಂತು? ತಾರೀಖು ಇಲ್ಲದ ಚೆಕ್ಕು ಕೊಟ್ಟರ ನಿಮ್ಮ ಬ್ಯಾಂಕಿನ್ಯಾಗ ತಗೋತೀರೇನು? ಮತ್ತ ನೀ ಯಾಕ ತಾರೀಖು ಇಲ್ಲದ ಚೀಟಿ ತಗೊಂಡಿ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ಗಡಿಯಾರದ ಚರಿತ್ರೆಯನ್ನೇ ಸ್ವಲ್ಪ ತಿರುವಿ ಹಾಕಬೇಕಾಯಿತು. ಅದರಿಂದ ನನಗೆ ತಿಳಿದುಬಂದದ್ದು ಇಷ್ಟು: ದುರಸ್ತಿಗಾಗಿ ಕಾಯುವ ದಿನಗಳು ಕುಶಲಕರ್ಮಿಯ ಕೈಯಲ್ಲಿಲ್ಲ, ಬಿಡಿಭಾಗ ಯಾರ ಬಳಿ ಇದೆ, ಗಡಿಯಾರದ ಬೆನ್ನು ಬಿಚ್ಚುವ ಅಧಿಕಾರ ಯಾರಿಗಿದೆ ಎಂಬ ಎರಡು ಸಂಗತಿಗಳಲ್ಲಿವೆ. ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದು ಇವೆರಡೇ.

ಮೊದಲಿಗೆ ಕೈಯ ಕೆಲಸದ ಲೆಕ್ಕವನ್ನು ನೋಡೋಣ. ಚಾವಿಯ ಗಡಿಯಾರವೊಂದನ್ನು ಪೂರ್ತಿ ಬಿಚ್ಚಬೇಕು. ಚಕ್ರಗಳನ್ನೂ ಸ್ಪ್ರಿಂಗನ್ನೂ ಬೇರೆಮಾಡಿ ತೊಳೆದು ಒಣಗಿಸಬೇಕು. ಸವೆದದ್ದನ್ನು ಬದಲಾಯಿಸಿ, ಮಣಿಗಳಿಗೆ ಸೂಜಿಯ ಮೊನೆಯಷ್ಟು ಎಣ್ಣೆ ಬಿಟ್ಟು, ಮತ್ತೆ ಜೋಡಿಸಬೇಕು. ಇದೆಲ್ಲ ಪಳಗಿದ ಕೈಗೆ ಕೆಲವು ಗಂಟೆಗಳ ಕೆಲಸ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಮುಖ ಮೇಲಾಗಿ ಇಟ್ಟಾಗ ಸರಿಯಾಗಿ ನಡೆಯುವ ಗಡಿಯಾರ ಮುಖ ಕೆಳಗಾದಾಗ ತಪ್ಪಬಹುದು. ಮಲಗಿಸಿದರೆ ಓಡಿ, ನಿಲ್ಲಿಸಿದರೆ ಕುಂಟಬಹುದು. ಆದುದರಿಂದ ನಾನಾ ಭಂಗಿಗಳಲ್ಲಿ ಇಟ್ಟು ಒಂದೆರಡು ದಿನವಾದರೂ ನೋಡಬೇಕು. ನೀರು ನುಗ್ಗದಂತೆ ಮುಚ್ಚಿದ ಗಡಿಯಾರವಾದರೆ ಆ ಪರೀಕ್ಷೆಯೂ ಆಗಬೇಕು. ಇಷ್ಟು ದಿನ ಕಾಯುವುದು ನ್ಯಾಯವಾದದ್ದೇ. ಅನ್ನ ಬೇಯುವ ತನಕ ಕಾಯದವನು ನುಚ್ಚು ತಿನ್ನಬೇಕಾದೀತು. ಆದರೆ ನಾಲ್ಕೈದು ದಿನದ ಕೆಲಸ ಹನ್ನೊಂದು ವಾರವಾದದ್ದು ಹೇಗೆ?

ಹಿಂದಿನ ಕಾಲದಲ್ಲಿ ಕಾಯುವಿಕೆಗೆ ಕಾರಣ ಸ್ಪಷ್ಟವಾಗಿತ್ತು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಗಡಿಯಾರದವರು 1601ರಲ್ಲೇ ತಮ್ಮ ವೃತ್ತಿಸಂಘವನ್ನು ಕಟ್ಟಿಕೊಂಡರು, ಲಂಡನ್ನಿನವರು 1631ರಲ್ಲಿ. ಆ ಕಾಲದ ಗಡಿಯಾರದ ಪ್ರತಿಯೊಂದು ಚಕ್ರವನ್ನೂ ಅದೇ ಗಡಿಯಾರಕ್ಕೆಂದು ಅರದಿಂದ ಉಜ್ಜಿ ಹೊಂದಿಸುತ್ತಿದ್ದರು. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಒಂದು ಹಲ್ಲು ಮುರಿದರೆ ಹೊಸ ಚಕ್ರವನ್ನೇ ಮಾಡಬೇಕು. ಮಾಡುವವನು ಎದುರಿಗೆ ಕೂತಿರುತ್ತಿದ್ದನಾದ್ದರಿಂದ ಎಷ್ಟು ದಿನವೆಂದು ಅವನನ್ನೇ ಕೇಳಬಹುದಾಗಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದವರು ಅಮೆರಿಕದವರು. ಆರನ್ ಡೆನಿಸನ್ ಮತ್ತು ಅವನ ಜೊತೆಗಾರರು 1850ರ ಸುಮಾರಿಗೆ ಆರಂಭಿಸಿದ ಉದ್ಯಮ ಮುಂದೆ ವಾಲ್ಥಮ್ ಎಂಬ ಊರಿನಲ್ಲಿ ನೆಲೆಯಾಯಿತು. ಅಲ್ಲಿ ಯಂತ್ರದಿಂದಲೇ ಒಂದೇ ಅಳತೆಯ ಭಾಗಗಳನ್ನು ಸಾವಿರಗಟ್ಟಲೆ ತಯಾರಿಸುವ ಪದ್ಧತಿ ಬೆಳೆಯಿತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನಕ್ಕೆ ಹೋಗಿದ್ದ ಸ್ವಿಟ್ಜರ್ಲೆಂಡಿನ ಜಾಕ್ ದಾವೀದ್ ಎಂಬ ಇಂಜಿನಿಯರನು ಇದನ್ನು ಕಂಡು, ನಾವು ಎಚ್ಚರಗೊಳ್ಳದಿದ್ದರೆ ಕೆಟ್ಟೆವು ಎಂಬ ಅರ್ಥದ ವರದಿಯನ್ನು ತನ್ನವರಿಗೆ ಬರೆದನು. ಒಂದೇ ಅಳತೆಯ ಭಾಗವೆಂದರೆ ದುರಸ್ತಿಗಾರನಿಗೆ ದೊಡ್ಡ ವರ. ಅವನು ಚಕ್ರವನ್ನು ಮಾಡಬೇಕಾಗಿಲ್ಲ. ನಂಬರು ಬರೆದು ತರಿಸಿದರಾಯಿತು. ಅಂದಿನಿಂದ ಕಾಯುವ ಕಾಲವೆಂದರೆ ಭಾಗವನ್ನು ಮಾಡುವ ಕಾಲವಲ್ಲ, ಭಾಗ ಪ್ರಯಾಣ ಮಾಡುವ ಕಾಲ.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದ ಘಟನೆ ಅಮೆರಿಕದ ಓಹಯೋ ಪ್ರಾಂತದ ಕಿಪ್ಟನ್ ಎಂಬ ಊರಿನದು. 1891ರ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿ ಎರಡು ರೈಲುಗಾಡಿಗಳು ಡಿಕ್ಕಿ ಹೊಡೆದು ಸಾವುನೋವುಗಳಾದುವು. ರೈಲಿನ ನೌಕರನೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಕಾರಣವೆಂದು ಹೇಳಲಾಯಿತು. ಅನಂತರ ರೈಲ್ವೆಯವರು ಕ್ಲೀವ್‌ಲೆಂಡಿನ ಜವಾಹಿರಿ ವೆಬ್ ಸಿ. ಬಾಲ್ ಎಂಬಾತನನ್ನು ಗಡಿಯಾರಗಳ ತನಿಖೆಗೆ ನೇಮಿಸಿದರು. ಕ್ಲುಪ್ತಕಾಲಕ್ಕೆ ಗಡಿಯಾರವನ್ನು ತೋರಿಸಬೇಕು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಂದೆಮುಂದೆ ಆಗಕೂಡದು. ಎಲ್ಲವನ್ನೂ ಕಾರ್ಡಿನಲ್ಲಿ ಬರೆದಿಡಬೇಕು ಎಂಬ ಕಟ್ಟಳೆಗಳು ಬಂದುವು. ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಬೆಳೆಯಿತು. ನೌಕರನ ಗಡಿಯಾರ ದುರಸ್ತಿಯಲ್ಲಿರುವಷ್ಟು ದಿನ ತನಿಖೆಯವನು ಅವನಿಗೆ ಬೇರೊಂದು ಗಡಿಯಾರವನ್ನು ಕಡವಾಗಿ ಕೊಡುತ್ತಿದ್ದನು. ರೈಲು ಕಾಯುವುದಿಲ್ಲ; ಆದುದರಿಂದ ಕಾಯುವ ಭಾರವನ್ನು ನೌಕರನ ತಲೆಯ ಮೇಲೆ ಹೊರಿಸುವಂತಿರಲಿಲ್ಲ. ವಿಳಂಬದ ನಷ್ಟ ದೊಡ್ಡವರಿಗೂ ತಟ್ಟುವಾಗ ಅದಕ್ಕೆ ಪರಿಹಾರ ಬೇಗನೆ ಹೊಳೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ನಾವು ವಾಸಿಸುವ ಈ ಮುಂಬಯಿಯೇ ಭಾರತಕ್ಕೆ ಸ್ವಿಸ್ ಗಡಿಯಾರಗಳು ಇಳಿದ ಮುಖ್ಯ ಬಾಗಿಲು. ಫಾವ್ರ್-ಲೂಬಾ ಮನೆತನದವರು 1860ರ ದಶಕದಲ್ಲಿಯೇ ಇಲ್ಲಿ ವ್ಯಾಪಾರ ಹೂಡಿದರು. 1880ರ ದಶಕದಲ್ಲಿ ವೆಸ್ಟ್ ಎಂಡ್ ಎಂಬ ಹೆಸರಿನ ಗಡಿಯಾರ ಇಲ್ಲಿ ಪ್ರಸಿದ್ಧಿಗೆ ಬಂದಿತು. ಸಿಪಾಯಿಗಳೂ ರೈಲ್ವೆ ನೌಕರರೂ ಅದನ್ನು ಮೆಚ್ಚಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗಿನ ದಾರಿ ಹತ್ತಿರವಾಗಿತ್ತು. ಆದರೂ ಹಡಗು ಹಡಗೇ. ಮಾಲು ಬರುವ ತನಕ ಗಿರಾಕಿ ಕಾದಿರುವಂತೆ ಮಾಡದಿದ್ದವನು ನಮ್ಮ ಬೀದಿಯ ಗಡಿಯಾರದವನು.

ಆತನನ್ನು ನಿಮ್ಮಲ್ಲಿ ಹಿರಿಯರೆಲ್ಲರೂ ಬಲ್ಲಿರಿ. ಮೆಟ್ಟಿಲಿನ ಕೆಳಗಿನ ಗೂಡಿನಂತಹ ಅಂಗಡಿ, ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಕೈಯಲ್ಲಿ ಚಿಮಟ. ಸತ್ತ ಗಡಿಯಾರಗಳ ಹೊಟ್ಟೆಯಿಂದ ತೆಗೆದ ಭಾಗಗಳು ಅವನ ಡಬ್ಬಿಗಳಲ್ಲಿ ತುಂಬಿರುತ್ತಿದ್ದುವು. ಇಲ್ಲದ್ದನ್ನು ಸಣ್ಣ ಲೇಥಿನ ಮೇಲೆ ತಾನೇ ಕಡೆದು ಹಾಕುವವರೂ ಇದ್ದರು. ಅವನ ಗ್ಯಾರಂಟಿ ಕಾಗದದ ಮೇಲೆ ಇರುತ್ತಿರಲಿಲ್ಲ. ‘ನಿಂತರೆ ತಗೊಂಡು ಬನ್ನಿ, ನಾನೆಲ್ಲಿ ಹೋಗ್ತೇನೆ?’ ಎಂಬ ಮಾತಿನಲ್ಲಿರುತ್ತಿತ್ತು. ಅವನೂ ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸುತ್ತಿದ್ದುದುಂಟು. ಕೆಲವರು ಒಳ್ಳೆಯ ಭಾಗವನ್ನು ತೆಗೆದು ಹಳೆಯದನ್ನು ಹಾಕಿದ್ದೂ ಉಂಟು. ಆದರೆ ಕಾಯುವ ದಿನಗಳಿಗೆ ಒಂದು ಮುಖವಿತ್ತು. ಆ ಮುಖವನ್ನು ದಿನವೂ ಆಫೀಸಿಗೆ ಹೋಗುವಾಗ ನೋಡಬಹುದಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಹೊರದೇಶದ ಗಡಿಯಾರಗಳ ಆಮದಿಗೆ ನಿರ್ಬಂಧಗಳು ಬಂದುವು. ಕಳ್ಳದಾರಿಯಲ್ಲಿ ಬಂದ ಗಡಿಯಾರಗಳು ಮುಂಬಯಿಯ ಬೀದಿಗಳಲ್ಲಿ ಬಿಕರಿಯಾಗುತ್ತಿದ್ದುದು ಆ ದಶಕಗಳನ್ನು ಕಂಡವರಿಗೆ ಹೊಸ ಸುದ್ದಿಯಲ್ಲ. ಅಂತಹ ಮಾಲಿಗೆ ರಸೀದಿಯಿಲ್ಲ. ರಸೀದಿಯಿಲ್ಲದ ಮೇಲೆ ಗ್ಯಾರಂಟಿಯ ಮಾತೆಲ್ಲಿ?

ಈ ಹೊತ್ತಿನಲ್ಲಿ ನಮ್ಮ ನಾಡು ಮುಂದೆ ಬಂದಿತು. ಭಾರತ ಸರ್ಕಾರ 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತ್ತು. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ ಮೊದಲು ತಯಾರಾದುವು ಲೋಹ ಕಡೆಯುವ ಯಂತ್ರಗಳು. ನಾಡು ಒಂದಾದ 1956ರ ನವೆಂಬರ್ 1ರಿಂದ ಐದು ವರ್ಷ ಕಳೆದು, 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಅದು ಕೈಗಡಿಯಾರದ ಕೆಲಸಕ್ಕೆ ಕೈಹಾಕಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್ ಎಂಬ ಹೆಸರುಗಳು ದೇಶದ ಮನೆಮಾತಾದುವು. ಪರಪ್ರಾಂತದಲ್ಲಿದ್ದ ಕನ್ನಡಿಗನಿಗೆ, ಪಕ್ಕದ ಮೇಜಿನ ಗುಜರಾತಿ ಗೃಹಸ್ಥನ ಮಣಿಕಟ್ಟಿನ ಮೇಲೆ ಬೆಂಗಳೂರಿನ ಗಡಿಯಾರವನ್ನು ಕಂಡಾಗ ಎದೆ ಉಬ್ಬದೆ ಇದ್ದೀತೆ?

ಆಗಲೂ ಜನ ಕಾದರು. ಆದರೆ ಕಾದದ್ದು ಕೊಳ್ಳುವುದಕ್ಕೆ. ಬೇಡಿಕೆಯಷ್ಟು ಗಡಿಯಾರಗಳು ತಯಾರಾಗುತ್ತಿರಲಿಲ್ಲ. ಹೆಸರು ಬರೆಸುವುದು, ಬೆಂಗಳೂರಿನ ನೆಂಟರಿಗೆ ಕಾಗದ ಬರೆಯುವುದು, ಅಳಿಯನಿಗೆ ಕಾಂಚನ್ ಸಿಗುವ ತನಕ ಮಾವನವರಿಗೆ ನಿದ್ದೆಯಿಲ್ಲದಿರುವುದು, ಇವೆಲ್ಲ ಹಿರಿಯರಿಂದ ಕೇಳಿದ ಮಾತುಗಳು. ಒಮ್ಮೆ ಕೈಗೆ ಬಂದ ಮೇಲೆ ದುರಸ್ತಿಗೆ ಅಷ್ಟು ಕಷ್ಟವಿರಲಿಲ್ಲ. ಹಲವು ಮಾದರಿಗಳ ಮುಖ ಬೇರೆಯಾದರೂ ಒಳಗಿನ ಯಂತ್ರ ಒಂದೇ ಕುಲದ್ದು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ಕೆಳಗೆ ಬಿದ್ದರೆ ಮೊದಲು ಮುರಿಯುತ್ತಿದ್ದ ಬ್ಯಾಲೆನ್ಸ್ ಚಕ್ರದ ಅಚ್ಚನ್ನು ಕಾಪಾಡಲು ‘ಪ್ಯಾರಾಶಾಕ್’ ಎಂಬ ಏರ್ಪಾಡಿತ್ತು. ಆ ಹೆಸರು ಮುಖದ ಮೇಲೆಯೇ ಅಚ್ಚಾಗಿತ್ತು. ಬೆನ್ನು ಬಿಚ್ಚುವ ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಉಳಿಯದೆ ಹಾವೇರಿಯ ಬಜಾರಿನವರೆಗೂ ಹರಡಿತು. ನಮ್ಮ ತಂದೆಯವರ ಜನತಾ ಇಂದಿಗೂ ನಡೆಯುತ್ತಿರುವುದು ಇದರಿಂದಲೇ. ಗ್ಯಾರಂಟಿಯ ಅವಧಿ ಎಂದೋ ಮುಗಿದುಹೋಗಿದೆ. ಆದರೆ ಅದರ ಭಾಗ ಬಲ್ಲವನು, ಬಿಚ್ಚಬಲ್ಲವನು ಊರಿನಲ್ಲಿಯೇ ಇದ್ದಾನೆ.

ಅಷ್ಟರಲ್ಲಿ ಕಾಲ ಬೇರೆ ದಿಕ್ಕಿಗೆ ತಿರುಗಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಮುಂದೆ ರೂಢಿಗೆ ಬಂದ ಕ್ವಾರ್ಟ್ಜ್ ಗಡಿಯಾರಗಳಲ್ಲಿ ಹರಳಿನ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಾವಿಯ ಬದಲು ಸೆಲ್ಲು. 1983ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಸ್ವಾಚ್ ಗಡಿಯಾರದಲ್ಲಿ ಒಟ್ಟು 51 ಭಾಗಗಳು. ಬಿಚ್ಚಿ ದುರಸ್ತಿ ಮಾಡುವ ಉದ್ದೇಶವೇ ಅದರ ರಚನೆಯಲ್ಲಿರಲಿಲ್ಲ. ನಮ್ಮಲ್ಲಿ 1984ರಲ್ಲಿ ಟಾಟಾ ಸಂಸ್ಥೆಯವರೂ ತಮಿಳುನಾಡು ಸರ್ಕಾರದ ಉದ್ಯಮ ನಿಗಮದವರೂ ಕೂಡಿ ಟೈಟನ್ ಕಂಪನಿಯನ್ನು ಕಟ್ಟಿ, ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಕ್ವಾರ್ಟ್ಜ್ ಗಡಿಯಾರಗಳನ್ನು ತಯಾರಿಸಿದರು. ಎಚ್.ಎಂ.ಟಿ. ಹಿಂದೆ ಬಿದ್ದಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಅದರ ಗಡಿಯಾರದ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. 2019ರಲ್ಲಿ ಬೆಂಗಳೂರಿನಲ್ಲಿ ಅದರ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು.

ಕ್ವಾರ್ಟ್ಜ್ ಬಂದ ಮೇಲೆ ಕಾಯುವ ಕಾಲ ಕಡಿಮೆಯಾಗಬೇಕಿತ್ತು. ಸೆಲ್ಲಿನ ಮಟ್ಟಿಗೆ ಆದದ್ದೂ ನಿಜ. ಐದು ನಿಮಿಷದ ಕೆಲಸ. ಒಳಯಂತ್ರ ಕೆಟ್ಟರೆ ಪೂರ್ತಿ ಯಂತ್ರವನ್ನೇ ತೆಗೆದು ಹೊಸದು ಕೂರಿಸುತ್ತಾರೆ. ಆದರೆ ಗ್ಯಾರಂಟಿಯ ಒಳಗೆ ಬೀದಿಯವನು ಬೆನ್ನು ಬಿಚ್ಚಿದರೆ ಗ್ಯಾರಂಟಿಯೇ ಹೋಯಿತು ಎಂಬ ನಿಬಂಧನೆ ಕಾರ್ಡುಗಳಲ್ಲಿ ಸಾಮಾನ್ಯವಾಯಿತು. ಗಡಿಯಾರ ಕೌಂಟರಿನಿಂದ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಪರೀಕ್ಷೆಯಾಗಬೇಕು, ದೋಷ ತಯಾರಿಕೆಯದೋ ಧರಿಸಿದವನದೋ ಎಂದು ತೀರ್ಮಾನವಾಗಬೇಕು, ಭಾಗ ಇಲ್ಲದಿದ್ದರೆ ಹೊರದೇಶದಿಂದ ಬರಬೇಕು. ವಿಮಾನದಲ್ಲಿ ಭಾಗ ಎರಡು ದಿನದಲ್ಲಿ ಬಂದೀತು. ಕಡತದಲ್ಲಿ ಅದು ಹೊರಡುವುದೇ ಆರು ವಾರವಾದೀತು. ನನ್ನ ಹನ್ನೊಂದು ವಾರದಲ್ಲಿ ಕೈಯ ಕೆಲಸಕ್ಕೆ ಹಿಡಿದದ್ದು ಮೂರು ದಿನವೆಂದು ಕಡೆಗೆ ಕೌಂಟರಿನವರೇ ಹೇಳಿದರು. ಉಳಿದದ್ದೆಲ್ಲ ಭಾಗದ ದಾರಿ ನೋಡಿದ್ದು.

ಹಾಗಾದರೆ ಇದಕ್ಕೆ ಕಾನೂನಿನಲ್ಲಿ ಏನೂ ಇಲ್ಲವೆ? ಬಿ.ಕಾಂ. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ 1872ರ ಕರಾರು ಕಾಯಿದೆಯನ್ನು ಮತ್ತೆ ತೆರೆದು ನೋಡಿದೆ. ಒಂದು ಕೆಲಸಕ್ಕಾಗಿ ನಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಸಂಬಂಧವನ್ನು ಅದರ 148ನೆಯ ಕಲಮು ವಿವರಿಸುತ್ತದೆ. ತಕ್ಕ ಕಾಲಕ್ಕೆ ಹಿಂದಿರುಗಿಸದೆ ತಪ್ಪು ಮಾಡಿದರೆ, ಆ ಮೇಲೆ ವಸ್ತುವಿಗಾಗುವ ನಷ್ಟಕ್ಕೆ ಇಟ್ಟುಕೊಂಡವನೇ ಹೊಣೆ ಎನ್ನುತ್ತದೆ 161ನೆಯ ಕಲಮು. ಕಾಲ ಗೊತ್ತುಮಾಡದಿದ್ದಲ್ಲಿ ‘ಯುಕ್ತ ಕಾಲ’ದೊಳಗೆ ಮಾತನ್ನು ನಡೆಸಬೇಕೆಂದು 46ನೆಯ ಕಲಮು ಹೇಳುತ್ತದೆ. ಯುಕ್ತ ಕಾಲವೆಂದರೆ ಎಷ್ಟು? ಅದು ಆಯಾ ಪ್ರಸಂಗದ ಸಂಗತಿಗಳನ್ನು ನೋಡಿ ತೀರ್ಮಾನಿಸತಕ್ಕದ್ದು. ಇಲ್ಲಿಯೇ ನಮ್ಮ ಗಡಿಯಾರ ಸಿಕ್ಕಿಬಿದ್ದಿರುವುದು. ತಾರೀಖು ಬರೆಸಿಕೊಂಡವನು ತಾರೀಖನ್ನು ತೋರಿಸಬಲ್ಲ. ಬರೆಸಿಕೊಳ್ಳದವನು ‘ಯುಕ್ತ’ ಎಂಬ ಪದದ ಮೇಲೆ ವಾದ ಹೂಡಬೇಕು.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಯಾಯಿತು. ಸೇವೆಯಲ್ಲಿನ ಲೋಪಕ್ಕೆ ಜಿಲ್ಲಾ ಆಯೋಗದ ಮುಂದೆ ದೂರು ಕೊಡಬಹುದು. ಅದಕ್ಕೆ ಮೊದಲು 1915 ಎಂಬ ಸಹಾಯವಾಣಿಗೆ ಫೋನು ಮಾಡಬಹುದು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಬಗ್ಗೆ ಒಂದು ಜಾಲತಾಣವನ್ನೂ ತೆರೆದಿದೆ. ಕೊಂಡವನಿಗೆ ಭಾಗವೂ ದುರಸ್ತಿಯ ಮಾಹಿತಿಯೂ ಸುಲಭವಾಗಿ ಸಿಗಬೇಕೆಂಬುದು ಅದರ ಆಶಯ. ಭಾಗ ಯಾರ ಬಳಿ ಇದೆ, ಬಿಚ್ಚುವ ಅಧಿಕಾರ ಯಾರದು ಎಂಬ ಹಳೆಯ ಪ್ರಶ್ನೆಗಳೇ ಹೀಗೆ ಸರ್ಕಾರದ ಬಾಗಿಲಿಗೆ ಬಂದು ನಿಂತಿವೆ.

ನಮ್ಮ ಹಿಂದಿನ ಸಾಹುಕಾರರು ಈ ವಿಷಯದಲ್ಲಿ ಬಹಳ ಜಾಣರು. ಅವರ ಹುಂಡಿಗಳಲ್ಲಿ ಎರಡು ಬಗೆ. ತೋರಿಸಿದ ಕೂಡಲೇ ಹಣ ಕೊಡತಕ್ಕದ್ದು ದರ್ಶನಿ ಹುಂಡಿ. ಇಷ್ಟು ದಿನವಾದ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಮೂರನೆಯ ಬಗೆಯಾಗಿ, ಕೊಡುವವನಿಗೆ ಅನುಕೂಲವಾದಾಗ ಕೊಡುವ ಹುಂಡಿಯನ್ನು ಪೇಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಇಂದಿನ ಗ್ಯಾರಂಟಿ ಕಾರ್ಡು ಈ ಮೂರನೆಯ ಬಗೆಯದು. ಎರಡು ವರ್ಷದೊಳಗೆ ಕೆಟ್ಟರೆ ಸರಿಮಾಡಿಕೊಡುತ್ತೇವೆ ಎಂಬ ಮಾತು ಅದರಲ್ಲಿದೆ. ಎಷ್ಟು ದಿನದಲ್ಲಿ ಎಂಬ ಮಾತಿಲ್ಲ. ನಮ್ಮ ಕಾಲಕ್ಕೆ ಅವಧಿ ಉಂಟು, ಅವರ ಕಾಲಕ್ಕೆ ಅವಧಿಯಿಲ್ಲ. ಗಡಿಯಾರ ಅವರ ಕಪಾಟಿನಲ್ಲಿ ಮಲಗಿರುವಾಗಲೂ ನಮ್ಮ ಎರಡು ವರ್ಷ ಮಾತ್ರ ಓಡುತ್ತಲೇ ಇರಬಹುದು.

ಪರಊರಿನಲ್ಲಿರುವ ನಮಗೆ ಇದು ಸ್ವಲ್ಪ ಹೆಚ್ಚಾಗಿಯೇ ತಟ್ಟುತ್ತದೆ. ಊರಿನಿಂದ ಬಂದ ಹಿರಿಯರು ಹದಿನೈದು ದಿನವಿದ್ದು ಹೊರಡುತ್ತಾರೆ. ಅವರ ವಸ್ತು ಇಲ್ಲಿಯೇ ಉಳಿಯುತ್ತದೆ. ಮತ್ತೆ ಯಾರೋ ಊರಿಗೆ ಹೋಗುವವರನ್ನು ಹುಡುಕಿ, ಕರವಸ್ತ್ರದಲ್ಲಿ ಸುತ್ತಿ ಕಳಿಸಬೇಕು. ನಮ್ಮ ಗಡಿಯಾರವೂ ಹಾಗೆಯೇ, ರಾಣೆಬೆನ್ನೂರಿಗೆ ಹೊರಟಿದ್ದ ನೆರೆಮನೆಯವರ ಕೈಯಲ್ಲಿ ಹೋಯಿತು.

ಆದುದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ಅರಿಕೆ. ಗಡಿಯಾರವಿರಲಿ, ಮಿಕ್ಸರಿರಲಿ, ದುರಸ್ತಿಗೆ ಕೊಡುವಾಗ ಚೀಟಿಯಲ್ಲಿ ಹಿಂದಿರುಗಿಸುವ ತಾರೀಖನ್ನು ಬರೆಸಿರಿ. ಅಂದಾಜಾದರೂ ಸರಿ; ಬರವಣಿಗೆಯಲ್ಲಿರಲಿ. ಭಾಗ ಎಲ್ಲಿಂದ ಬರಬೇಕೆಂದು ಕೇಳಿರಿ. ದುರಸ್ತಿಯ ದಿನಗಳು ಗ್ಯಾರಂಟಿಗೆ ಸೇರುತ್ತವೆಯೋ ಇಲ್ಲವೋ ಎಂಬುದನ್ನು ಕೊಳ್ಳುವ ದಿನವೇ ಕಾರ್ಡಿನಲ್ಲಿ ಓದಿರಿ. ಇದರಲ್ಲಿ ಜಗಳದ ಮಾತಿಲ್ಲ. ಕೌಂಟರಿನಲ್ಲಿ ಕೂತಿರುವಾತನೂ ನನ್ನ ಹಾಗೆ ಒಬ್ಬ ಗುಮಾಸ್ತ. ಭಾಗ ಅವನ ಜೇಬಿನಲ್ಲಿಲ್ಲ. ಆದರೆ ನೂರು ಜನ ತಾರೀಖು ಕೇಳಿದರೆ, ಆ ಅಡ್ಡಗೆರೆಯನ್ನು ಎಳೆಯಲು ಹೇಳಿದವರ ಕಿವಿಗೂ ಮಾತು ಮುಟ್ಟೀತು.

ಹೊಸ ಗಡಿಯಾರ ಈಗ ಸರಿಯಾಗಿ ನಡೆಯುತ್ತಿದೆಯಂತೆ. ಅದನ್ನು ತಂದೆಯವರು ಮದುವೆ ಮುಂಜಿಗಳಿಗೆ ಕಟ್ಟಿಕೊಳ್ಳುತ್ತಾರೆ. ದಿನಬಳಕೆಗೆ ಜನತಾ. ಕೇಳಿದರೆ, “ಇದು ನಿಂತರ ಯಾರನ್ನ ಕೇಳಬೇಕು ಅನ್ನೋದು ನನಗ ಗೊತ್ತದ” ಎನ್ನುತ್ತಾರೆ.